ಕಾಫಿ ಲೋಟಕ್ಕೆ ತಟ್ಟೆ ಮುಚ್ಚಿಸಿದ ರೈಟರ್

ರೈಟರ್ ಸತ್ತದ್ದು ಎದೆ ನಿಂತು. ಮಾತ್ರೆ ತಿಂದದ್ದರಿಂದ ಅಲ್ಲ, ಮಾತ್ರೆ ಬಿಟ್ಟದ್ದರಿಂದಲೂ ಅಲ್ಲ. ಮಣ್ಣಿಗೆ ಹೋಗಿ ಬಂದವರು ನಮ್ಮ ಜಗುಲಿಯಲ್ಲಿ ಕೂತು ಎರಡು ಪಕ್ಷ ಕಟ್ಟಿಕೊಂಡಿದ್ದರು. "ಆ ಹುಳಿ ಮಾತ್ರೆ ತಿಂದೂ ತಿಂದೂ ಒಳಗೆಲ್ಲ ಸುಟ್ಕಂಡ್ಬುಟ್ಟಿತ್ತು ಕಣ್ರೀ" ಅಂತ ಒಂದು ಪಕ್ಷ. "ಬುಟ್ಟಿದ್ದೇ ತಪ್ಪಾಯ್ತು, ತಿಂತಾ ಇದ್ದಿದ್ರೆ ಇನ್ನೂ ಇಪ್ಪತ್ತು ವರ್ಷ ಇರೋರು" ಅಂತ ಇನ್ನೊಂದು. ನಾನು ಒಳಗಿಂದ ಬಂದು, "ಎಂಬತ್ತು ಹತ್ರ ಬಂದಿತ್ತು. ಎದೆ ನಿಂತೋಯ್ತು. ಕೈಕಾಲು ತೊಳ್ಕಂಡು ಊಟಕ್ಕೆ ಏಳಿ" ಅಂದೆ. ಎದ್ದರು.

ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಪಕ್ಕದ ಮನೆಯಲ್ಲೇ ಇದ್ದಾಳೆ, ದಿನಾ ಮುಖ ನೋಡಬೇಕು. ಊರಿಗೆಲ್ಲ ಅವರು ರೈಟರ್. ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಯುಷ್ಯವೆಲ್ಲ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಂಜೆ ಕುಯ್ದ ಹಣ್ಣು ಅಳೆಸುವುದು. ರಿಟೈರಾದ ಮೇಲೆ ಪಾಳ್ಯದ ಹತ್ತಿರ, ನಮ್ಮ ಬೇಲಿಗೆ ತಾಗಿದ ಜಾಗದಲ್ಲಿ ಮನೆ ಕಟ್ಟಿಸಿದರು. ಎಸ್ಟೇಟ್ ಬಿಟ್ಟು ಬಂದರೂ ಹಾಜರಿ ಕೂಗುವ ಚಟ ಅವರನ್ನು ಬಿಡಲಿಲ್ಲ. ಬೆಳಗಾದರೆ ಬೇಲಿಯ ಆಚೆ ನಿಂತು, "ಅಕ್ಕಾ, ಎದ್ರಾ? ಹಸು ಕರೆದ್ರಾ? ಸೊಸೆ ಹೋದ್ಲಾ?" ಎಲ್ಲದಕ್ಕೂ ಹೂಂ ಅನ್ನಬೇಕು. ಅನ್ನದಿದ್ದರೆ ಗೈರುಹಾಜರಿ ಹಾಕಿದವರ ಹಾಗೆ ಮುಖ ಮಾಡುತ್ತಿದ್ದರು.

ಕಾಫಿಯ ವಿಷಯದಲ್ಲಿ ಅವರಷ್ಟು ಗತ್ತಿನ ಮನುಷ್ಯನನ್ನು ನಾನು ನೋಡಿಲ್ಲ. ಲೋಟ ಕೈಗೆ ಕೊಟ್ಟರೆ ಮೊದಲು ಮೂಗು, ಆಮೇಲೆ ಬಾಯಿ. "ಅಕ್ಕ, ಬೀಜ ಒಂಚೂರು ಹೆಚ್ಚಿಗೆ ಹುರಿದ್ಬುಟ್ರಿ" ಅನ್ನುವುದು. ಬಿಟ್ಟಿ ಕಾಫಿಗೆ ಇಷ್ಟು ತನಿಖೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದೇ ಸಲ ಬೆಲ್ಲದ ಕಾಫಿ ಮಾಡಿ ಎಲ್ಲರಿಗೂ ಬಗ್ಗಿಸಿ ಒಲೆ ಆರಿಸುವುದು ರೂಢಿ. ತಡವಾಗಿ ಎದ್ದವರಿಗೆ ನಾನು ಬಿಸಿ ಮಾಡಿ ಕೊಡುತ್ತಿದ್ದೆ. ಅದನ್ನು ಕಂಡರೆ ರೈಟರಿಗೆ ಆಗುತ್ತಿರಲಿಲ್ಲ. "ಆರಿದ ಕಾಫೀನ ಇನ್ನೊಂದ್ಸಲ ಒಲೆ ಮೇಲಿಡೋದೂ ಒಂದೇ, ಸತ್ತೋನ್ನ ಎಬ್ಸಿ ಕೂರ್ಸೋದೂ ಒಂದೇ" ಅನ್ನುತ್ತಿದ್ದರು. "ಆರಿದ್ರೆ ಆರಿದ್ದನ್ನೇ ಕುಡೀಬೇಕು. ಅದು ಕಾಫಿಗೆ ಕೊಡೋ ಮರ್ಯಾದೆ."

ಇಂಥವರಿಗೆ ಕೊರೊನಾ ಬಂದ ಕಾಲದಲ್ಲಿ ಇನ್ನೊಂದು ಹುಚ್ಚು ಹಿಡಿಯಿತು. ವಿಟಮಿನ್ ಸಿ. ಆಗ ಆಲೂರಿನ ಔಷಧಿ ಅಂಗಡಿಗಳಲ್ಲಿ ಚೀಪುವ ಮಾತ್ರೆ ಸಿಗುತ್ತಿತ್ತು, ಕಿತ್ತಳೆ ಬಣ್ಣದ್ದು, ಹುಳಿಸಿಹಿ. ಊರಿನವರೆಲ್ಲ ನಾಲ್ಕು ದಿನ ಚೀಪಿ ಬಿಟ್ಟರು. ರೈಟರ್ ಹಿಡಿದದ್ದು ಬಿಡುವ ಜಾತಿಯಲ್ಲ. ನಶ್ಯದ ಹಳೇ ಡಬ್ಬಿಯನ್ನು ತೊಳೆದು ಅದರಲ್ಲಿ ಮಾತ್ರೆ ತುಂಬಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಅವರು ಬರುವುದಕ್ಕೆ ಮುಂಚೆ ಡಬ್ಬಿಯ ಸದ್ದು ಬರುತ್ತಿತ್ತು, ಎತ್ತಿನ ಕೊರಳ ಗೆಜ್ಜೆಯ ಹಾಗೆ.

ಹಾಜರಿಯೂ ಬದಲಾಯಿತು. "ಅಕ್ಕ, ಇವತ್ತು ಸಿ ಆಯ್ತಾ?"

"ಏನು ಸೀನೋ ಏನು ಹುಳಿನೋ. ಮುದ್ದೆ ಆಯ್ತು, ಸೊಪ್ಪಿನ್ ಸಾರು ಆಯ್ತು."

"ಸೊಪ್ಪು ಒಳ್ಳೇದೇ. ಆದ್ರೆ ನೀವು ಅದನ್ನ ಗಂಟೆಗಟ್ಲೆ ಬೇಯ್ಸಿ ಅದರಲ್ಲಿರೋ ಸೀನ ಕೊಂದಾಕ್ತೀರ. ಬಿಸಿ ತಡೆಯಲ್ಲ ಅದು. ನೀರಿಗೂ ಇಳ್ದೋಗ್ತದೆ."

"ಹಸಿ ಸೊಪ್ಪು ಮೇಯಕ್ಕೆ ನಾನೇನು ಮೇಕೆನಾ?"

ಇದಕ್ಕೇ ಕಾಯುತ್ತಿದ್ದವರ ಹಾಗೆ ಬೇಲಿ ಹಿಡಿದು ಮುಂದೆ ಬಗ್ಗಿದರು. "ಮೇಕೆಗೆ ಬೇಕಾಗಿಲ್ಲ ಕಣಕ್ಕ! ಮೇಕೆ ತನ್ನ ಸೀನ ತಾನೇ ಮೈಯೊಳಗೆ ಮಾಡ್ಕಳ್ತದೆ. ಹಸು ಮಾಡ್ಕಳ್ತದೆ, ನಾಯಿ ಮಾಡ್ಕಳ್ತದೆ. ಮನುಷ್ಯಂಗೆ ಮಾತ್ರ ಆ ಯೋಗ್ಯತೆ ಇಲ್ಲ. ತಿಂದೇ ತೀರ್ಬೇಕು. ತಿನ್ನದಿದ್ರೆ ವಸಡಲ್ಲಿ ರಕ್ತ ಬರ್ತದೆ, ಹಲ್ಲು ಅಲ್ಲಾಡ್ತದೆ, ಗಾಯ ಕೂಡಲ್ಲ. ಹಿಂದೆ ಹಡಗಲ್ಲಿ ಹೋದೋರು ತಿಂಗಳುಗಟ್ಲೆ ಒಣಗಿದ್ದನ್ನೇ ತಿಂದು ಹಂಗೇ ಸತ್ತೋರು. ಎಲ್ಲಿ, ಬಾಯಿ ತೆಗೀರಿ."

ತೆಗೆಯಲಿಲ್ಲ. ನನ್ನ ಹಲ್ಲು ಬಿದ್ದು ಎಷ್ಟೋ ಕಾಲವಾಗಿತ್ತು, ಸಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ನನ್ನ ಸೊಸೆಗೆ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ದಿನಾ ಒಂದು ಬೆಟ್ಟದ ನೆಲ್ಲಿಕಾಯಿಯನ್ನು ಉಪ್ಪಿಗೆ ಅದ್ದಿ ತಿನ್ನಲು ರೈಟರ್ ಹೇಳಿದರು. ಅವಳು ತಿಂದಳು. ನಿಂತಿತು. ಅವಳು ಅದೇ ವಾರ ಬ್ರಷ್ಷೂ ಬದಲಾಯಿಸಿದ್ದಳು ಅನ್ನುವುದನ್ನು ನಾನು ರೈಟರಿಗೆ ನೆನಪಿಸಿದೆ. ಅವರಿಗೆ ಅದು ಕೇಳಿಸಲಿಲ್ಲ.

ಬೇರೆಯವರಿಗೆ ಅವರು ಹೇಳುತ್ತಿದ್ದದ್ದು ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆ, ಹೇರಳೆ. ಹಿತ್ತಲಿನಲ್ಲಿ ಬಿದ್ದು ಕೊಳೆಯುವ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಐತೆ ಅಂತ ಹೇಳಿ ಮಕ್ಕಳಿಗೆ ಮರ ಹತ್ತುವುದಕ್ಕೆ ಒಂದು ನೆಪ ಮಾಡಿಕೊಟ್ಟರು. ತಾವು ಮಾತ್ರ ಮಾತ್ರೆ. ಎದ್ದಾಗ ಒಂದು, ಉಂಡಾಗ ಒಂದು, ಯಾರಾದರೂ ಸೀನಿದರೆ ಒಂದು, ಬಸ್ಸು ತಡವಾದರೆ ಇನ್ನೊಂದು. ಹೊಟ್ಟೆ ಕೆಟ್ಟು ಹಿತ್ತಲಿಗೆ ಓಡುವುದು ಕಂಡರೂ, ಏನ್ರೀ ರೈಟ್ರೇ ಅಂದರೆ, "ಹೊಟ್ಟೆ ಕ್ಲೀನಾಗ್ತಾ ಐತೆ" ಅನ್ನುತ್ತಿದ್ದರು. ಆಷಾಢದಲ್ಲಿ ಶೀತ ಹಿಡಿದು ವಾರಗಟ್ಟಲೆ ಮೂಗು ಸುರಿಸಿಕೊಂಡು ಕೂತರು. ಎಲ್ಲಿ ಹೋಯ್ತು ನಿಮ್ಮ ಸಿ ಅಂತ ಕೇಳಿದೆ. "ಸಿ ಇರೋದ್ರಿಂದ ಇಷ್ಟಕ್ಕೇ ನಿಂತೈತೆ. ಇಲ್ದಿದ್ರೆ ಇನ್ನೂ ಒಂದಿನ ಜಾಸ್ತಿ ಇರೋದು" ಅಂದರು. ಒಂದು ದಿನಕ್ಕಾಗಿ ಇಷ್ಟು ಪಾಡು.

"ಹೆಚ್ಚಾದ್ರೆ ಏನಾಗ್ತದೆ?" ಅಂತ ಒಂದು ಸಲ ಕೇಳಿದ್ದೆ.

"ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗ್ತದೆ. ಮೈ ಅದನ್ನ ಕೂಡಿಡಲ್ಲ."

"ಅಲ್ಲಿಗೆ, ಅಂಗಡಿಯಿಂದ ತಂದು ಚರಂಡಿಗೆ ಸುರೀತಿದೀರ."

ಡಬ್ಬಿ ತೆಗೆದು, ನನ್ನ ಎದುರಿಗೇ ಇನ್ನೊಂದು ಬಾಯಿಗಿಟ್ಟುಕೊಂಡರು.

ಚರಂಡಿಗಾದರೂ ಹೋಗಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ರೈಟರ್ ಸೊಂಟ ಹಿಡಿದುಕೊಂಡು ಕುಸಿದರು. ಕೂಗಿದ ಕೂಗಿಗೆ ಕೊಕ್ಕರೆಗಳೆಲ್ಲ ಎದ್ದವು. ನನ್ನ ಮಗ ತನ್ನ ಜೀಪಿನಲ್ಲಿ ಆಲೂರಿಗೆ, ಅಲ್ಲಿಂದ ಹಾಸನಕ್ಕೆ ಒಯ್ದ. ಮೂತ್ರದ ದಾರಿಯಲ್ಲಿ ಕಲ್ಲು. ಡಾಕ್ಟರ ಕೋಣೆಗೆ ರೈಟರ್ ಒಬ್ಬರೇ ಹೋದರಂತೆ, ಹೆಂಡತಿಯನ್ನೂ ಬಿಡಲಿಲ್ಲವಂತೆ. ಕೆಲವು ದಿನ ನೀರು ಕುಡಿದೂ ಕುಡಿದೂ ಕಲ್ಲು ತಾನಾಗಿ ಬಿತ್ತು. ಅದನ್ನು ಕಾಗದದಲ್ಲಿ ಕಟ್ಟಿ ತಂದು ನಮ್ಮ ಜಗುಲಿಯಲ್ಲಿ ಬಿಚ್ಚಿದರು. ಕಾಫಿಯಲ್ಲಿ ದುಂಡನೆಯ ಒಂಟಿ ಬೀಜಕ್ಕೆ ಪೀಬೆರಿ ಅನ್ನುತ್ತಾರೆ. "ಪೀಬೆರಿ ಸೈಜು ಕಣಕ್ಕ" ಅಂದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಎಳ್ಳಿಗಿಂತ ಒಂದು ಚೂರು ದೊಡ್ಡದು.

"ಯಾಕೆ ಬಂತಂತೆ?"

"ಬೋರ್‌ವೆಲ್ ನೀರಿಂದ."

ಅಷ್ಟಕ್ಕೇ ಬಿಟ್ಟಿದ್ದರೆ ರೈಟರ್ ಹೇಗಾಗುತ್ತಾರೆ! ಪಂಚಾಯ್ತಿಗೆ ಹೋಗಿ ನೀರು ಪರೀಕ್ಷೆ ಆಗಬೇಕು ಅಂತ ಕೂತರು. ಸಾಲುಮನೆಯವರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಅಂತ ಸಾರಿದರು. ಅವರ ಹೆಂಡತಿ ಪಾಪ ಹಂಡೆಗಟ್ಟಲೆ ಕಾಯಿಸಿದಳು. ಬೋರಿನ ನೀರನ್ನು ನಾವೂ ಅದೇ ನಲ್ಲಿಯಲ್ಲಿ ಕುಡಿಯುತ್ತಿದ್ದೆವು, ನಮಗೆ ಯಾರಿಗೂ ಏನೂ ಆಗಿರಲಿಲ್ಲ. ಜೇಬಿನಲ್ಲಿ ಡಬ್ಬಿಯ ಸದ್ದು ನಿಂತದ್ದನ್ನು ನಾನು ಗಮನಿಸಿದೆ. ಕೇಳಲಿಲ್ಲ. ಊರಿನವರು ಮಾತ್ರ ಅವರು ಬಾಯಿ ತೆಗೆದರೆ ನಗುವುದಕ್ಕೆ ಶುರು ಮಾಡಿದರು. ಹಾಜರಿ ಕೂಗಿದರೆ ಓಗೊಡುವವರು ಇರಲಿಲ್ಲ. ಸೀಬೆ ಮರದ ಮಕ್ಕಳು ಮಾತ್ರ ಕೊನೆಯವರೆಗೂ ಅವರ ಪಕ್ಷ.

ಇಂಥ ಹೊತ್ತಿನಲ್ಲಿ ನನ್ನ ಮೊಮ್ಮಗಳು ಚೈತ್ರ, ನನ್ನ ಮಗನ ಮಗಳು, ಹೆರಿಗೆಗೆ ಬಂದಳು. ಚೊಚ್ಚಲು. ಬಸ್ಸಿಳಿದವಳ ಮುಖ ನೋಡಿದೆ, ಸುಣ್ಣ ಬಳಿದ ಹಾಗಿತ್ತು. ರಕ್ತ ಕಡಿಮೆ ಅಂತ ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟಿದ್ದಳು. ತಪ್ಪದೆ ನುಂಗಿಸಿದೆ. ಆದರೂ ಆಲೂರಿನ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ರಕ್ತ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಸುತ್ತಿಬಳಸಲಿಲ್ಲ. "ಮುಂದಿನ ತಿಂಗಳಿಗೂ ಹೀಗೇ ಇದ್ರೆ ಇಲ್ಲಿ ಇಟ್ಕೊಳ್ಳಕ್ಕಾಗಲ್ಲಮ್ಮ. ಹಾಸನಕ್ಕೆ ಕಳಿಸ್ತೀನಿ, ರಕ್ತ ಕೊಡ್ಬೇಕಾಗುತ್ತೆ. ಹೆರಿಗೇಲಿ ರಕ್ತ ಹೋದ್ರೆ ಇವಳಿಗೆ ತಡೆಯೋ ಶಕ್ತಿ ಇಲ್ಲ" ಅಂದಳು.

ನನ್ನ ತಂಗಿ ಹೀಗೇ ಬಿಳಿಚಿಕೊಂಡು ಹೆರಿಗೆಯ ಕೋಣೆಗೆ ಹೋದವಳು ಹೊರಗೆ ಬರಲಿಲ್ಲ. ಅದರ ವಿಷಯ ಹೆಚ್ಚು ಬರೆಯುವುದಿಲ್ಲ. ಬಸ್ಸಿನಲ್ಲಿ ಪಾಳ್ಯ ಬರುವವರೆಗೂ ನಾನು ಕಿಟಕಿಯ ಆಚೆಗೇ ನೋಡುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಚೈತ್ರ ಜಗುಲಿಯಲ್ಲಿ ರೊಟ್ಟಿ ತಿಂದು, ಮಾತ್ರೆ ಬಾಯಿಗಿಟ್ಟು, ಕಾಫಿ ಲೋಟ ಎತ್ತಿದಳು. ಬೇಲಿಯ ಆಚೆಯಿಂದ ಒಂದು ಕೂಗು.

"ಏ ಏ ಏ! ಉಗಿ! ಉಗಿ ಮೊದ್ಲು!"

ಹುಡುಗಿ ಬೆಚ್ಚಿ ಮಾತ್ರೆಯನ್ನು ಕೈಗೆ ಉಗಿದಳು. ರೈಟರ್ ಬೇಲಿ ದಾಟಿ ಬಂದೇಬಿಟ್ಟರು. ಪಂಚೆ ಮುಳ್ಳಿಗೆ ಸಿಕ್ಕಿ ಹರಿಯಿತು, ಅದನ್ನೂ ನೋಡಲಿಲ್ಲ.

"ಏನ್ರೀ ಇದು, ಬಸ್ರೀನ ಹಿಂಗೆ ಹೆದರಿಸ್ತಾರಾ?" ಅಂದೆ.

"ಅಕ್ಕ, ಕಬ್ಬಿಣದ ಮಾತ್ರೇನ ಯಾರಾದ್ರೂ ಕಾಫೀಲಿ ನುಂಗುಸ್ತಾರಾ?"

"ಮತ್ತಿನ್ಯಾತ್ರಲ್ಲಿ ನುಂಗುಸ್ಲಿ, ಸಾರಾಯೀಲಾ?"

ನಮ್ಮ ಕಡೆ ಮಾತ್ರೆ ಅಂದರೆ ಕಾಫಿಯ ಜೊತೆ. ತಲೆನೋವಿನ ಮಾತ್ರೆ, ಜ್ವರದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ. ಅದರಲ್ಲೂ ಈ ಕಬ್ಬಿಣದ ಮಾತ್ರೆ ನೀರಿನಲ್ಲಿ ನುಂಗಿದರೆ ವಾಕರಿಕೆ. ಕಾಫಿಯಾದರೆ ಸಲೀಸಾಗಿ ಇಳಿಯುತ್ತದೆ. ಊರಿನ ಬಸುರಿಯರೆಲ್ಲ ಹಾಗೇ ನುಂಗುವುದು.

"ಅದೇ ಕಣಕ್ಕ ತಪ್ಪು. ಕಾಫಿ ಕಬ್ಬಿಣಾನ ಹಿಡ್ಕಂಡ್ಬುಡ್ತದೆ. ಮೈಗೆ ಹತ್ತಕ್ಕೆ ಬುಡಲ್ಲ. ಟೀನೂ ಅಷ್ಟೇ. ನುಂಗಿದ ಮಾತ್ರೆ ಹಂಗೇ ಆಚೆಗೆ ಹೋಗ್ತದೆ. ನಿಂಬೆಹಣ್ಣು ಹಿಂಡಿದ ನೀರಲ್ಲಿ ಕೊಡಿ. ಸಿ ಇದ್ರೆ ಕಬ್ಬಿಣ ಬೇಗ ಹತ್ತುತ್ತೆ. ಕಾಫಿ ಬೇಕಾದ್ರೆ ಎರಡು ಗಂಟೆ ಬುಟ್ಟು ಕುಡೀಲಿ."

"ತಿರುಗಿ ನಿಂಬೆಹಣ್ಣಿಗೇ ಬಂದ್ರಲ್ಲ! ಸಿ ಸಿ ಅಂತ ನೀವು ಹಾಸನ ಕಂಡಿದ್ದು ಸಾಲ್ದಾ? ಈ ಹುಡುಗೀನೂ ಕಾಣ್ಬೇಕಾ?"

"ಅದು ಬೇರೆ ವಿಷ್ಯ."

"ಇದನ್ನ ಯಾರು ಹೇಳಿದ್ದು ನಿಮ್ಗೆ? ಪೇಪರ್ನೋರಾ?"

"ಡಾಕ್ಟ್ರು."

"ಯಾವ ಡಾಕ್ಟ್ರು?"

"ಹಾಸನ್ದೋರು."

"ಹಾಸನ್ದಲ್ಲಿ ನಿಮ್ಗೆ ಯಾವ ಹೆರಿಗೆ ಡಾಕ್ಟ್ರು ಸಿಕ್ಕಿದ್ರು?"

ರೈಟರ್ ಜೇಬು ಮುಟ್ಟಿಕೊಂಡರು. ಡಬ್ಬಿ ಇರಲಿಲ್ಲ. ಹಿಂದಕ್ಕೆ ತಿರುಗಿ ನೋಡಿದರು, ಅವರ ಹೆಂಡತಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಚೆ ಮನೆಯವರೂ ಕೂಗಿಗೆ ಬಾಗಿಲಿಗೆ ಬಂದಿದ್ದರು. ಆಳುಗಳ ಮುಂದೆ ಲೆಕ್ಕ ತಪ್ಪಿದವರ ಹಾಗೆ ತಲೆ ತಗ್ಗಿಸಿ ಹೇಳಿದರು.

"ಕಲ್ಲಿನ ಡಾಕ್ಟ್ರೇ ಕಣಕ್ಕ. ದಿನಾ ಎಷ್ಟು ಮಾತ್ರೆ ತಿಂತೀರಿ ಅಂದ್ರು. ಹೇಳ್ದೆ. ಬೈದ್ರು. ಮಿತಿಮೀರಿ ತಿಂದ್ರೆ ಎಲ್ಲ ಮೂತ್ರದಲ್ಲಿ ಸುಮ್ನೆ ಹೋಗಲ್ಲ, ಒಂದಿಷ್ಟು ಉಪ್ಪಾಗಿ ಕಲ್ಲು ಕಟ್ಟುತ್ತೆ, ಕಲ್ಲಾಗೋ ಮೈಯೋರಿಗೆ ಇದು ಆಗ್ಬಾರ್ದು ಅಂದ್ರು. ಬೋರ್ ನೀರಿಂದ ಅಲ್ಲ. ಮಾತ್ರೆಯಿಂದ. ನನಗೆ ತಡೀಲಿಲ್ಲ, ಹಂಗಾದ್ರೆ ಸಿ ಯಾತಕ್ಕೂ ಬರಲ್ವಾ ಸಾರ್ ಅಂದೆ. ಯಾಕ್ ಬರಲ್ಲ, ಹಣ್ಣಲ್ಲಿ ತಿನ್ನಿ, ರಕ್ತ ಕಮ್ಮಿ ಇರೋರಿಗೆ ಕಬ್ಬಿಣದ ಮಾತ್ರೆ ಜೊತೆ ನಿಂಬೆಹಣ್ಣು ಕೊಡಿ, ಕಾಫಿ ದೂರ ಇಡಿ ಅಂದ್ರು. ಬೇಕಾದ್ರೆ ನಾಳೆ ಆಲೂರಲ್ಲೂ ಕೇಳಿ. ಆದ್ರೆ ಇವತ್ತಿನ ಮಾತ್ರೆ ಕಾಫೀಲಿ ಕೊಡ್ಬೇಡಿ."

ನಲ್ಲಿಯ ಹತ್ತಿರದಿಂದ ಹೆಂಡತಿಯ ದನಿ ಬಂತು. "ಈಗ ಹೇಳ್ತಿದೀರಾ? ನೀರು ಕಾಯ್ಸಿ ಕಾಯ್ಸಿ ನನ್ ಸೌದೆಯೆಲ್ಲ ಮುಗ್ದೋಯ್ತಲ್ರೀ!"

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ರೈಟರ್ ನಗಲಿಲ್ಲ. ನಾನೂ ನಗಲಿಲ್ಲ. ಮಾನ ಬಿಟ್ಟು ಹೇಳಿದ ಮಾತು ಸುಳ್ಳಾಗಿರುವುದಿಲ್ಲ. ಒಳಗೆ ಹೋಗಿ ನಿಂಬೆಹಣ್ಣು ಕುಯ್ದೆ. ಚೈತ್ರಳ ಲೋಟದ ಕಾಫಿಯ ಮೇಲೆ ತಟ್ಟೆ ಮುಚ್ಚಿದೆ. ನರ್ಸಮ್ಮನಿಗೆ ಫೋನು ಮಾಡಿಸಿದರೆ ಅವಳೂ ಅದನ್ನೇ ಅಂದಳು. "ಹೇಳಿದ್ನಲ್ಲಜ್ಜಿ ನಾನು, ಕಾಫಿ ಜೊತೆ ಬೇಡ ಅಂತ!" ಹೇಳಿದ್ದಿರಬಹುದು. ಕಾಫಿ ಬೇಡ ಅನ್ನುವ ಮಾತು ನಮ್ಮ ಊರಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಆಮೇಲೆ ರೈಟರ್ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಹಾಜರಿ ಮತ್ತೆ ಶುರುವಾಯಿತು, ಈಗ ಚೈತ್ರ ಒಬ್ಬಳದೇ. ಮಾತ್ರೆ ಆಯ್ತಾ? ನಿಂಬೆಹಣ್ಣು ಹಿಂಡಿದ್ರಾ? ಬೀಜ ತೆಗೆದ್ರಾ? ಚಿತ್ರಾನ್ನಕ್ಕಾದ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ನುಗ್ಗೆಸೊಪ್ಪು ಮಾಡಿ, ಅದರಲ್ಲಿ ಕಬ್ಬಿಣ, ಸಿ ಎರಡೂ ಐತೆ. ನಿಂಬೆಹಣ್ಣು ಒಂದೇ ಒಂದು, ಎರಡು ಬೇಡ. ಕಲ್ಲು ಬಂದ ಮೇಲೆ ಮನುಷ್ಯನಿಗೆ ಅಳತೆ ಬಂದಿತ್ತು. ಚೈತ್ರ ಹುಟ್ಟಿದಾಗಿನಿಂದ ಕಾಫಿಯ ಮಗು. ಎರಡು ಗಂಟೆ ಅಂದರೆ ಅವಳ ಕಣ್ಣಲ್ಲಿ ನೀರು. "ರೈಟರಜ್ಜ, ಒಂದು ಗಂಟೆ ಮಾಡಿ ಅಜ್ಜ" ಅಂತ ಗೋಗರೆಯುವಳು. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿ ಒಂದೂವರೆಗೆ ಇಳಿಸಿದರು.

ಇಳಿಸಿ, ತಾವೂ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. ನಾನು ಬಗ್ಗಿಸಿದ ಕಾಫಿ ಎರಡು ಲೋಟ, ಅವಳದೊಂದು, ಅವರದೊಂದು, ಎರಡಕ್ಕೂ ತಟ್ಟೆ. ಹೊತ್ತಾಗುವವರೆಗೂ ಅವಳಿಗೆ ಎಸ್ಟೇಟಿನ ಆನೆಗಳ ಕತೆ ಹೇಳುವುದು. ಆನೆ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಹೊತ್ತಾದ ಮೇಲೆ ಇಬ್ಬರೂ ತಟ್ಟೆ ತೆಗೆದು, ಆರಿ ಕೆನೆ ಕಟ್ಟಿದ ಕಾಫಿಯನ್ನು ಒಟ್ಟಿಗೆ ಕುಡಿಯುವುದು. ಬಿಸಿ ಮಾಡುತ್ತೇನೆ ಅಂದರೆ ಕೇಳುತ್ತಿರಲಿಲ್ಲ. ಮೂಗಿನ ಹತ್ತಿರ ಒಯ್ದು, ವಾಸನೆ ಏನೂ ಬಾರದೆ, ಕಣ್ಣು ಮುಚ್ಚಿ ಕುಡಿದುಬಿಡುತ್ತಿದ್ದರು. "ನಿಮ್ಗೇನು ಬಸುರಾ ರೈಟ್ರೇ, ಬಿಸಿ ಇದ್ದಾಗ್ಲೇ ಕುಡ್ಕಳಿ" ಅಂತ ನಾನು ಎದುರಿಗೇ ಕೂತು ಹಬೆಯಾಡುವ ಕಾಫಿ ಕುಡಿಯುತ್ತಿದ್ದೆ. "ಹುಡುಗಿ ಮುಂದೆ ನೀವು ಕುಡೀತೀರಲ್ಲ, ನಿಮ್ದೇನು ಕಲ್ಲಿನ ಎದೆನಾ?" ಅನ್ನುತ್ತಿದ್ದರು. "ಕಲ್ಲು ನಿಮ್ಮ ಇಲಾಖೆ" ಅನ್ನುತ್ತಿದ್ದೆ.

ಮುಂದಿನ ಪರೀಕ್ಷೆಗೆ ರಕ್ತ ಏರಿತ್ತು. ತುಂಬ ಅಲ್ಲ, ಆದರೆ ಏರಿತ್ತು. ಅದರ ಮುಂದಿನ ಸಲ ಡಾಕ್ಟರಮ್ಮ, "ಹಾಸನ ಬೇಡ, ಇಲ್ಲೇ ಆಗುತ್ತೆ" ಅಂದಳು. ನಾವು ಬಸ್ಸಿಳಿದಾಗ ರೈಟರ್ ನಿಲ್ದಾಣದಲ್ಲೇ ನಿಂತಿದ್ದರು. ಬಿಸಿಲಿಗೆ ಕೊಡೆ ಹಿಡಿದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹೊಗಳಿಸಿಕೊಳ್ಳುವುದಕ್ಕೆ ಬಂದವರು ಅಂತ ದೂರದಿಂದಲೇ ಗೊತ್ತಾಯಿತು.

"ಏರ್ತಾ?"

"ಏರ್ತು. ಮಾತ್ರೆ ಒಳ್ಳೇದು ಕೊಟ್ಟವ್ರೆ" ಅಂದೆ.

"ಮಾತ್ರೆ ಮೊದ್ಲೂ ಇತ್ತಲ್ಲಕ್ಕ!"

"ಇತ್ತು."

ಅಷ್ಟೇ ಹೇಳಿದ್ದು. ಅವರಿಗೆ ಅಷ್ಟು ಸಾಕಾಯಿತು. ಮನೆಯವರೆಗೂ ಕೊಡೆಯನ್ನು ಚೈತ್ರಳ ತಲೆಯ ಮೇಲೆ ಹಿಡಿದು ತಾವು ಬಿಸಿಲಲ್ಲಿ ನಡೆದರು.

ಆಲೂರಿನಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಬಾಣಂತಿಗೆ ನಮ್ಮಲ್ಲಿ ಹುಳಿ ಕೊಡುವುದಿಲ್ಲ, ಮಗುವಿಗೆ ಶೀತ ಅಂತ. ರೈಟರ್ ಬೇಲಿಯ ಆಚೆ ನಿಂತು ನಿಂಬೆಹಣ್ಣಿನ ಪರವಾಗಿ ಎಷ್ಟೋ ವಾದಿಸಿದರು. ಅಲ್ಲಿ ನಾನು ಬಗ್ಗಲಿಲ್ಲ. ಆದರೆ ಕಬ್ಬಿಣದ ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ನುಂಗಬೇಕು ಅಂತ ಡಾಕ್ಟರಮ್ಮ ಅಂದಿದ್ದರಿಂದ, ಕಾಫಿಗೆ ತಟ್ಟೆ ಮುಚ್ಚುವುದು ಮುಂದುವರಿಯಿತು. ಅವರು ಬಂದು ಕೂರುವುದೂ. ಈಗ ಆನೆಯ ಕತೆ ಕೇಳುವವರು ಇಬ್ಬರು, ಅದರಲ್ಲಿ ಒಬ್ಬಳು ನಿದ್ದೆ ಮಾಡುತ್ತಿದ್ದಳು.

ಮೊನ್ನೆ ಕಣದಲ್ಲಿ ಕಾಫಿ ಹಣ್ಣು ಹರವಿದ್ದೆವು. ರೈಟರ್ ಕುರ್ಚಿ ಹಾಕಿಕೊಂಡು, ಕೋಲಿನಲ್ಲಿ ಕೋಳಿ ಓಡಿಸುತ್ತಾ ಬಿಸಿಲಿಗೆ ಕೂತಿದ್ದರು. ಕೋಳಿಗಳು ಹಣ್ಣಿನ ನಡುವೆ ಬಂದರೂ ಕೋಲು ಏಳದ್ದನ್ನು ನೋಡಿ ನಾನು ಬೈಯುವುದಕ್ಕೆ ಅಂತ ಹತ್ತಿರ ಹೋದೆ. ಆಗಲೇ ಮುಗಿದಿತ್ತು. ಡಾಕ್ಟರು ಬಂದು ನೋಡಿ, ಎದೆ ನಿಂತದ್ದು ಅಂದರು. ಜೇಬಿನಲ್ಲಿ ಒಂದು ಸೀಬೆಹಣ್ಣಿತ್ತು, ಅರ್ಧ ಕಚ್ಚಿದ್ದು.

ಮಣ್ಣಾದ ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಎದ್ದೆ. ಹಸು ಕರೆದೆ. ಪಕ್ಕದ ಮನೆಗೆ ಒಂದು ಚೊಂಬು ಹಾಲು ಕೊಟ್ಟು ಬಂದೆ. ರೊಟ್ಟಿ ತಟ್ಟಿದೆ, ಕಾಫಿ ಕಾಯಿಸಿದೆ. ಚೈತ್ರ ಮಾತ್ರೆ ನುಂಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಅಜ್ಜೀ, ಇವತ್ತೊಂದಿನ ಬಿಸಿ ಇದ್ದಾಗ್ಲೇ ಕೊಡು. ರೈಟರಜ್ಜ ಇಲ್ವಲ್ಲ" ಅಂದಳು. ಅಂದವಳೇ ಮಗುವಿನ ಹೊದಿಕೆ ಸರಿಮಾಡತೊಡಗಿದಳು.

"ಅವರಿಲ್ದಿದ್ರೇನು? ಗಡಿಯಾರ ಐತೆ" ಅಂದೆ.

ಅವಳ ಲೋಟಕ್ಕೆ ತಟ್ಟೆ ಮುಚ್ಚಿದೆ. ನನ್ನ ಲೋಟಕ್ಕೂ ಮುಚ್ಚಿದೆ. ಆನೆಯ ಕತೆ ನನಗೆ ಬರುವುದಿಲ್ಲ, ಇಬ್ಬರೂ ಗಡಿಯಾರ ನೋಡುತ್ತಾ ಕೂತಿದ್ದೆವು. ಹೊತ್ತಾದ ಮೇಲೆ ಅವಳು ತಟ್ಟೆ ತೆಗೆದು ಆರಿದ್ದನ್ನೇ ಕುಡಿದಳು. ನಾನು ನನ್ನದನ್ನು ಒಳಗೆ ಒಯ್ದು ಮತ್ತೆ ಒಲೆಯ ಮೇಲಿಟ್ಟೆ. ಕುದಿಯುವವರೆಗೂ ನಿಂತು ನೋಡಿದೆ. ಲೋಟಕ್ಕೆ ಬಗ್ಗಿಸಿ ಕುಡಿದೆ.

ಕೆಟ್ಟದಾಗಿತ್ತು.